ಸಿಹಿಯಾಗದ ಮಾಲ್ಟು

ಅಕ್ಟೋಬರ್ 21, ಬೆಳಿಗ್ಗೆ

ಬಿಯರಿಗೆಂದು ನೆನೆಸಿದ ಬಾರ್ಲಿ ಮಗುಚಿದ್ದಾಯಿತು. ಮೊಳಕೆ ಚೆನ್ನಾಗಿ ಬಂದಿದೆ. ನನ್ನ ಸೊಂಟ ಮಾತ್ರ ಬಿದ್ದುಹೋಗಿದೆ. ಇಷ್ಟು ವರ್ಷ ಇದೆಲ್ಲ ಇಂಗೆರಿಡ್ ಅಕ್ಕನ ಕೆಲಸ. ನಾನು ಕಟ್ಟಿಗೆ ಹೊತ್ತು, ಕಾಫಿ ಕಾಸಿ, ಬಿಯರ್ ಆದ ಮೇಲೆ ಹೆಸರು ಹಂಚಿಕೊಳ್ಳುತ್ತಿದ್ದೆ, ಅಷ್ಟೆ.

ಈಗ ಅವಳು ಆರೈಕೆ ಕೇಂದ್ರದ ಹಾಸಿಗೆಯಲ್ಲಿ, ನಮ್ಮಮ್ಮನಿಗೆ ಬಂದಿದ್ದ ಕಾಯಿಲೆಯೇ. ಕ್ರಿಸ್‌ಮಸ್‌ವರೆಗೆ ಇರುತ್ತಾಳೆಂದು ಹೇಳಲಾಗದು ಎಂದಿದ್ದಾರೆ ಡಾಕ್ಟರು. ನಿನ್ನೆ ಅವಳೇ ಮಾತು ತೆಗೆದಳು.

"ನನ್ನ ಮಣ್ಣಿಗೆ ಬಂದವರಿಗೆ ಅಂಗಡಿ ಬಿಯರ್ ಕೊಟ್ರೆ ಎದ್ದು ಬಂದ್ಬಿಡ್ತೀನಿ ನೋಡು. ನಮ್ಮನೇದೇ ಕೊಡ್ಬೇಕು. ಅದಕ್ಕೂ ಮೊದ್ಲು ನನಗೊಂದು ಲೋಟ. ಸತ್ತ ಮೇಲೆ ನೀವೆಲ್ಲ ಹೊಗಳೋದು ನನಗೇನು ಕೇಳ್ಸುತ್ತಾ?"

ನಕ್ಕೆ. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ.

ಅಕ್ಟೋಬರ್ 24

ಮೊಳಕೆ ಬಾರ್ಲಿಯನ್ನು ಒಣಗಿಸಿ ಮಾಲ್ಟು ಮಾಡಲು ನಮ್ಮ ಕೇರಿಗೆಲ್ಲ ಇರುವುದು ಒಂದೇ ಮಾಲ್ಟಿನ ಮನೆ. ನನ್ನ ಸರದಿ ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಆಮೇಲೆ ಪಕ್ಕದ ಹೊಲದ ಓಡ್‌ಗೇರ್‌ನದು. ಮೊಳಕೆ ಕಾಳನ್ನು ತೂತಿನ ಹಲಗೆಗಳ ಮೇಲೆ ಹರಡಿ, ಕೆಳಗೆ ಆಲ್ಡರ್ ಕಟ್ಟಿಗೆ ಹಚ್ಚಿದೆ. ಓಡ್‌ಗೇರ್ ಬಂದು ಇಣುಕಿದ. ಒಂದು ಹಿಡಿ ಕಾಳು ಹಿಸುಕಿ ನೋಡಿದ.

"ಇನ್ನೂ ಒದ್ದೆ ಇದೆ ಟೋರುನ್. ಬೆಂಕಿ ಇಳಿಸು. ಮೊದ್ಲು ಬರೀ ಬೆಚ್ಚಗೆ ಆರ್ಲಿ."

"ನಿನ್ನ ಸರದೀಲಿ ನಿನ್ನಿಷ್ಟ."

"ಬೇಕಾದ್ರೆ ನನ್ನ ದಿನಾನೂ ನೀನೇ ತಗೋ ಮಾರಾಯ್ತಿ."

ಬೇಡ ಎಂದೆ. ಅಕ್ಕನಿಗೆ ಇರುವುದೇ ಎಷ್ಟು ದಿನವೋ, ಅದರಲ್ಲಿ ಒಂದನ್ನು ಕಾಳು ಒಣಗಿಸುತ್ತ ಕಳೆಯಲೇ? ಇನ್ನೊಂದು ಹೊರೆ ಕಟ್ಟಿಗೆ ಒಟ್ಟಿದೆ. ಸಂಜೆಗೆ ಗರಿಗರಿ. ಘಮ ಅಂದರೆ ಘಮ.

ಅಕ್ಟೋಬರ್ 30

ಸಿಹಿ ಬರಲಿಲ್ಲ.

ಅರ್ಧ ಮಾಲ್ಟು ಒಡೆದು ಬಿಸಿನೀರಲ್ಲಿ ನೆನೆಸಿ ಮಧ್ಯಾಹ್ನವೆಲ್ಲ ಕಾದೆ. ಚಮಚ ಚಮಚ ನೆಕ್ಕಿದೆ. ಹಿಟ್ಟು ಕದಡಿದ ನೀರು! ಗೋಡೆಗೆ ಕಾಗದ ಅಂಟಿಸಬಹುದು. ಕಾಳಿನ ಪಿಷ್ಟವನ್ನು ತುಂಡರಿಸಿ ಸಕ್ಕರೆ ಮಾಡುವುದು ಮೊಳಕೆಯೊಳಗಿನ ಕಿಣ್ವ. ಶಾಲೆಯಲ್ಲೇ ಓದಿದ್ದೆ. ಆ ಕಿಣ್ವವನ್ನೇ ಬೇಯಿಸಿ ಕೊಂದಿದ್ದೇನೆ. ಓಡ್‌ಗೇರ್ ಹೇಳಿದ್ದ... ಕಿವಿಗೆ ಹಾಕಿಕೊಂಡೆನೇ?

ಅಕ್ಕ ಫೋನು ಮಾಡಿದಳು. "ಹೇಗೆ ಬಂತೇ?"

"ಜೇನು ಅಕ್ಕಾ."

ಬಾಯಿಂದ ಬಂದೇಹೋಯಿತು.

ನವೆಂಬರ್ 9

ಹತ್ತು ದಿನವಾಯಿತು ಅಕ್ಕನ ಮುಖ ನೋಡದೆ. ಮೊದಲು ಕೆಲಸ ಎಂದೆ. ಆಮೇಲೆ ಕಾರು ಕೆಟ್ಟಿದೆ ಎಂದೆ. ಕಾರು ಅಂಗಳದಲ್ಲಿ ಚೆನ್ನಾಗಿಯೇ ನಿಂತಿದೆ. ಹೋದರೆ ಮುಖ ನೋಡಿಯೇ ಹಿಡಿಯುತ್ತಾಳೆ. ಹೊಸ ಬಾರ್ಲಿ ನೆನೆಸೋಣವೆಂದರೆ ಮಾಲ್ಟಿನ ಮನೆಯ ಸರದಿ ಡಿಸೆಂಬರ್‌ಗೆ.

ಇವತ್ತು ಫೋನಿನಲ್ಲಿ ಅವಳ ದನಿ ಸಣ್ಣಗಿತ್ತು. "ಬಿಯರ್ ಆಮೇಲಾಯ್ತು. ಮಾಲ್ಟು ನೆನೆಸಿದ ಸಿಹಿ ನೀರಾದ್ರೂ ಒಂದಿಷ್ಟು ಮಾಡ್ಕೊಂಡು ತಾರೇ."

ನವೆಂಬರ್ 11

ನಾಚಿಕೆಯಾಗುತ್ತದೆ ಬರೆಯಲು. ಉಳಿದ ಮಾಲ್ಟಿನಲ್ಲಿ ಸ್ವಲ್ಪ ತೆಗೆದು ಒಂದು ಪಾತ್ರೆ ನೆನೆಸಿ, ಅಂಗಡಿ ಸಕ್ಕರೆ ಬೆರೆಸಿ ಒಯ್ದೆ.

ಕುಡಿದಳು. "ಆ ಕೈಚೀಲ ಕೊಡು" ಎಂದಳು. ಅದರಿಂದ ತೆಗೆದದ್ದು ಬಿಯರ್ ಮಾಡುವಾಗ ಪಿಷ್ಟ ಪರೀಕ್ಷಿಸಲು ಅವಳು ಬಳಸುತ್ತಿದ್ದ ಅಯೋಡಿನ್ ಶೀಸೆ. ಸಾಸರಿಗೆ ಸ್ವಲ್ಪ ಸುರಿದು ಒಂದು ಹನಿ ಬಿಟ್ಟಳು. ಕಪ್ಪು, ಶಾಯಿಯ ಹಾಗೆ. ಪಿಷ್ಟ ಪಿಷ್ಟವಾಗಿಯೇ ಉಳಿದಿದೆ ಎಂದು ಅದರರ್ಥ.

"ಒದ್ದೆ ಇದ್ದಾಗ್ಲೇ ಬೆಂಕಿ ಜೋರು ಮಾಡ್ದೆ."

"ಹೂಂ."

"ಯಾಕೆ?"

"ನಿನಗೆ ಬೇಗ ಕುಡಿಸ್ಬೇಕು ಅಂತ."

"ನನಗೇ ಇಲ್ಲದ ಅವಸರ ನಿನಗ್ಯಾಕೆ ಬಂತೇ?"

ಅತ್ತುಬಿಟ್ಟೆ. ಅವಳು ಬೈಯಲಿಲ್ಲ. ಕೈ ಹಿಡಿದುಕೊಂಡು ಹೇಳಿಕೊಟ್ಟಳು, ತಡೆತಡೆದು.

"ಓಡ್‌ಗೇರ್ ಹತ್ರ ಒಳ್ಳೆ ಮಾಲ್ಟು ಇಸ್ಕೋ. ನಿನ್ನದ್ರ ಅರ್ಧದಷ್ಟು ಸಾಕು. ಕಿಣ್ವ ಖರ್ಚಾಗಲ್ಲ, ಒಂದ್ಕಡೆ ಮುಗಿಸಿ ಇನ್ನೊಂದ್ಕಡೆ ಹೋಗುತ್ತೆ. ನಿನ್ನ ಪಿಷ್ಟಾನೂ ಅದೇ ಒಡೆಯುತ್ತೆ. ನೀರು ಬೆರಳಿಗೆ ಚುರ್ ಅನ್ಬೇಕು, ಕುದೀಬಾರ್ದು. ತಣ್ಣಗಾದ್ರೆ ಅದು ಮಲಗುತ್ತೆ, ಕುದಿದ್ರೆ ಸಾಯುತ್ತೆ. ಮಲಗಿದ್ದನ್ನ ಎಬ್ಬಿಸ್ಬಹುದು."

ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನವೆಂಬರ್ 12

ಓಡ್‌ಗೇರ್ ಮೂಟೆ ತಾನೇ ಹೊತ್ತು ತಂದ. "ನಾನು ಅವತ್ತೇ ಹೇಳಿದ್ದೆ" ಎನ್ನಲಿಲ್ಲ, ಅದೇ ದೊಡ್ಡದು. ಅವನ ಮಾಲ್ಟನ್ನು ಒಡೆದು ನನ್ನ ಉಳಿದದ್ದರ ಜೊತೆ ಬಿಸಿನೀರಿಗೆ ಹಾಕಿದೆ. ಊಟದ ಹೊತ್ತಿಗೆ ಪಾತ್ರೆಯ ಗಂಜಿ ತೆಳ್ಳಗಾಯಿತು. ಆಮೇಲೆ ತುಟಿ ಅಂಟುವಷ್ಟು ಸಿಹಿ. ಅಯೋಡಿನ್ ಹಾಕಿದೆ, ಕಪ್ಪಾಗಲಿಲ್ಲ. ಒಂದು ಬಾಟಲಿ ಎತ್ತಿಟ್ಟು ಉಳಿದದ್ದಕ್ಕೆ ಯೀಸ್ಟು ಹಾಕಿದೆ.

ನವೆಂಬರ್ 13

ಬಾಟಲಿ ಒಯ್ದೆ. ಬೆಳಗಿನಿಂದ ಎಚ್ಚರವಿಲ್ಲವಂತೆ. ಚಮಚದಿಂದ ತುಟಿಗೆ ಹಚ್ಚಿದೆ. ನಾಲಿಗೆ ಆಡಿತು ಎಂದಳು ನರ್ಸು. ನನಗೆ ಕಾಣಲಿಲ್ಲ.

ನವೆಂಬರ್ 25

ಅಕ್ಕನ ಮಣ್ಣಾಯಿತು. ಬಂದವರೆಲ್ಲ ಬಿಯರ್ ಹೊಗಳಿದರು, ಇಂಗೆರಿಡ್‌ಳ ಕೈರುಚಿಯೇ ಎಂದರು. ನಾನು ಅವರ ಲೋಟ ತುಂಬಿಸುತ್ತಲೇ ಇದ್ದೆ.

ಎಲ್ಲ ಹೋದ ಮೇಲೆ ಓಡ್‌ಗೇರ್ ಉಳಿದ. ನಾನು ಹೋಗದ ಆ ದಿನಗಳಲ್ಲಿ ಅಕ್ಕನಿಗೆ ಪೇಪರ್ ಕೊಟ್ಟು ಬರುತ್ತಿದ್ದವನು ಅವನೇ.

"ಒಂದು ಕೇಳ್ಲಾ? ನಿನ್ನ ರಿಪೋರ್ಟು ಏನಂತ ಬಂತು?"

"ಯಾವ ರಿಪೋರ್ಟು?"

"ನೀನು ಬರೋದು ನಿಲ್ಲಿಸಿದ್ಯಲ್ಲ... ನಿನಗೂ ಅದೇ ಕಾಯಿಲೆ ಬಂದಿದೆ, ಟೆಸ್ಟ್ ಮಾಡಿಸಿ ತನ್ನಿಂದ ಮುಚ್ಚಿಡ್ತಿದ್ದೀಯ ಅಂತ ನಿಮ್ಮಕ್ಕ ತಿಳ್ಕೊಂಡಿದ್ಲು. ಊಟ ಬಿಟ್ಟಿದ್ಲು. ದಿನಾ ನನ್ನ ಕೇಳೋಳು, ಅವಳ ಮನೆ ಚಿಮಣೀಲಿ ಹೊಗೆ ಬರ್ತಿತ್ತಾ, ಎದ್ದು ಓಡಾಡ್ತಿದ್ದಾಳಾ ಅಂತ."

ಹನ್ನೆರಡು ದಿನ. ಕಾರಿನಲ್ಲಿ ಕಾಲು ಗಂಟೆಯ ದಾರಿ. ಒಂದು ಹಾಳು ಮಾಲ್ಟನ್ನು ಮುಚ್ಚಿಡಲು ಹೋಗಿ ನಾನು ಅವಳನ್ನು—