ಹೊಂದದ ಮುಖ

ಅನುದಾನ ಶಾಖೆಯ ಸಾಹೇಬರ ಸನ್ನಿಧಾನಕ್ಕೆ,

ನಿಟ್ಟೂರಿನ ನಿರ್ಗತಿಕರ ಊಟದ ಕೇಂದ್ರದಲ್ಲಿ ಒಂದು ತಪ್ಪು ನಡೆದುಹೋಗಿದೆ. ಕೆರಿಯಮ್ಮ ದಪ್ಪಗಾಗಿದ್ದಾರೆ. ನೋಂದಣಿಯ ಫೋಟೊದಲ್ಲಿ ಗುಳಿಬಿದ್ದಿದ್ದ ಕೆನ್ನೆ, ಸರ್ಕಾರದ ಅನ್ನ ಉಂಡು ತುಂಬಿಕೊಂಡಿದೆ. ಹಾಗಾಗಿ ಮುಖ ನೋಡಿ ಊಟದ ಹಾಜರಿ ಹಾಕುವ ತಮ್ಮ ಆ್ಯಪ್ ‘ಮುಖ ಹೊಂದುತ್ತಿಲ್ಲ’ ಎನ್ನುತ್ತಿದೆ. ಒಬ್ಬರ ಮುಖ ಹೊಂದದಿದ್ದರೆ ಇಲ್ಲಿ ಉಣ್ಣುವ ಹನ್ನೊಂದು ಜನರ ಅನುದಾನವೂ ನಿಲ್ಲುತ್ತದಂತೆ. ಹೊಸ ಫೋಟೊ ಸೇರಿಸಲು ಮೊದಲು ಹಳೆಯದಕ್ಕೆ ಮುಖ ಹೊಂದಬೇಕೆಂದು ತಮ್ಮ ಕಚೇರಿಯವರು ನನಗೆ ಮೂರು ಸಲ ತಾಳ್ಮೆಯಿಂದ ವಿವರಿಸಿದ್ದಾರೆ.

ದಯವಿಟ್ಟು ಹಳೆಯ ಫೋಟೊ ಬೇಗ ಅಳಿಸಿಕೊಡಿ. ಕೆರಿಯಮ್ಮ ಸೋಮವಾರದಿಂದ ಗಂಜಿಯ ತಿಳಿನೀರಷ್ಟೇ ಕುಡಿಯುತ್ತಿದ್ದಾರೆ. ಗದರಿದರೆ, “ಸುಮ್ನಿರು ಮಾರಾಯ್ತಿ, ಇನ್ನೊಂದು ವಾರ ತಡಿ. ಆ ಫೋಟೊದ ಹಂಗೇ ಆಗ್ತೀನಿ” ಅನ್ನುತ್ತಾರೆ.

ಇಂತಿ,
ಈ ತಪ್ಪಿಗೆ ಕಾರಣಳಾದ ಅಡುಗೆಯವಳು,
ನಾಗವೇಣಿ