ಎರಡನೇ ಆಲ್ಬಮ್ಮಿನ ವೇಗ

ಅಣ್ಣನಿಗೆ,

ಇದರ ಜೊತೆ ನಾಲ್ಕು ಪುಟ ಇಟ್ಟಿದ್ದೇನೆ. ನಮ್ಮ ಪಂಕ್ ಬ್ಯಾಂಡಿನ ಎರಡನೇ ಆಲ್ಬಮ್ ಮತ್ತೆ ಬರುತ್ತಿದೆ, ಬ್ಯಾಂಡಿನ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಶುಕ್ರವಾರ ಅಚ್ಚಿಗೆ ಹೋಗುತ್ತದೆ. ನೀನು ಮೂರನೇ ಪುಟ ಮಾತ್ರ ಓದಿದರೂ ಸಾಕು.

ಆ ಹಾಡುಗಳ ವೇಗಕ್ಕೆ ನಮ್ಮ ಸಿಟ್ಟೇ ಕಾರಣ ಎಂದು ಎಲ್ಲರೂ ಬರೆದರು. ಅದಲ್ಲ. ಅವತ್ತು ಮಧ್ಯಾಹ್ನ ನೀನು ಗಿಟಾರಿನ ತಂತಿ ಬದಲಾಯಿಸುತ್ತಿದ್ದಾಗ ಸ್ಟುಡಿಯೋದ ಫೋನ್ ಎತ್ತಿದ್ದು ನಾನು. ಆಸ್ಪತ್ರೆಯಿಂದ ಚಿಕ್ಕಮ್ಮ. "ನಿಮ್ಮಮ್ಮ ನಿಮ್ಮಿಬ್ಬರನ್ನೇ ಕೇಳ್ತಿದಾಳೆ, ಬೇಗ ಬನ್ನಿ ಕಣೇ" ಅಂದಳು. ನಮಗೆ ಸ್ಟುಡಿಯೋ ಸಿಕ್ಕಿದ್ದು ಅದೊಂದೇ ದಿನ, ಇನ್ನೂ ನಾಲ್ಕು ಹಾಡು ಬಾಕಿ. ನಾನು ಬಾಯಿ ಬಿಡದೆ ಡ್ರಮ್ಮಿನ ಮುಂದೆ ಕೂತೆ. "ಯಾರೇ ಅಟ್ಟಿಸ್ಕೊಂಡು ಬರ್ತಿರೋದು ನಿನ್ನ?" ಎಂದು ನೀನು ನಕ್ಕೆ. ಆದರೂ ನನ್ನ ವೇಗಕ್ಕೇ ಹಾಡಿದೆ. ಕೊನೇ ಹಾಡು ಮುಗಿದ ಮೇಲೆ, ಫೋನ್ ಈಗ ಬಂತು ಅಂದೆ.

ನಾವು ತಲುಪಿದಾಗ ಅಮ್ಮ ಹೋಗಿ ಕಾಲು ಗಂಟೆಯಾಗಿತ್ತು. ದಾರಿಯಲ್ಲಿ ಪೆಟ್ರೋಲಿಗೆ ವ್ಯಾನ್ ನಿಲ್ಲಿಸಿದ್ದಕ್ಕೇ ತಡವಾಯಿತೆಂದು ನೀನು ಇವತ್ತಿಗೂ ನಿನ್ನನ್ನೇ ಬೈದುಕೊಳ್ಳುತ್ತೀಯಂತೆ, ಅತ್ತಿಗೆ ಹೇಳಿದರು. ಗಿಟಾರನ್ನಂತೂ ನೀನು ಮತ್ತೆ ಮುಟ್ಟಲಿಲ್ಲ.

ಇದನ್ನೆಲ್ಲ ಮೂರನೇ ಪುಟದಲ್ಲಿ ಬರೆದಿದ್ದೇನೆ. ಬೇಡವೆನಿಸಿದರೆ ಗೀಟು ಹಾಕಿ ಕಳಿಸು, ಅಚ್ಚಿನಲ್ಲಿ ಸಿಟ್ಟು ಎಂದೇ ಇರಲಿ. ಪೆಟ್ರೋಲಿಗೆ ನಿಲ್ಲಿಸಿದ್ದಕ್ಕೆ ನಿನ್ನನ್ನು ಬೈದುಕೊಳ್ಳುವುದನ್ನು ಮಾತ್ರ ಬಿಟ್ಟುಬಿಡು.

ನಿನ್ನೆ ಗಡಿಯಾರ ಹಿಡಿದು ನಮ್ಮ ಹಳೇ ತಾಲೀಮಿನ ಟೇಪನ್ನೂ ಆಲ್ಬಮ್ಮನ್ನೂ ಕೇಳಿದೆ. ಅಷ್ಟು ಓಡಿಸಿ, ನಾಲ್ಕು ಹಾಡಿನಿಂದ ನಾನು ಉಳಿಸಿದ್ದು ಮೂರೇ ನಿಮಿಷ.

ತಂಗಿ