ಗೋಣಾಡಿಸಿದ್ದು ನಾನು, ಬೀಗ ಬಿದ್ದಿದ್ದು ಶಾಲೆಗೆ

ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ತಯಾರಿಸುವ ಕಂಪನಿಯ ಬ್ಲೂಟೂತ್ ಮತ್ತು ವೈ-ಫೈ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನೀವು ನನ್ನ ಕಿವಿ ಕಿತ್ತುಕೊಂಡಿರಿ, ನಮ್ಮೂರ ಶಾಲೆಗೆ ಬೀಗ ಹಾಕಿಸಿದಿರಿ. ಎರಡನ್ನೂ ‘ನಿಮ್ಮ ಅನುಭವವನ್ನು ಉತ್ತಮಗೊಳಿಸಲಾಗಿದೆ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ. ನಮ್ಮ ಕಡೆ ಅನ್ಯಾಯ ಮಾಡಿದವರ ಮನೆಯತ್ತ ತಿರುಗಿ ಹಿಡಿ ಮಣ್ಣು ತೂರುತ್ತಾರೆ. ನಿಮ್ಮ ಮನೆ ಯಾವ ದಿಕ್ಕಿಗಿದೆಯೋ ನನಗೆ ತಿಳಿಯದು. ಅದಕ್ಕೇ ಈ ಪತ್ರ.

ನನ್ನ ಪರಿಚಯ ನಿಮಗೆ ಇರಲಾರದು. ಮರಳವಾಡಿ ಹತ್ತಿರದ ಒಂದು ಸಣ್ಣ ಊರಿನವಳು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆ. ಪಿಯುಸಿ ಓದುವಾಗ ಬಂದ ವಿಷಮಜ್ವರ ನನ್ನ ಕಿವಿಯನ್ನು ತೆಗೆದುಕೊಂಡು ಹೋಯಿತು. ಆಮೇಲೂ ಬಿ.ಎ. ಮುಗಿಸಿದೆ, ಮೇಷ್ಟ್ರುಗಳ ತುಟಿ ನೋಡಿಕೊಂಡು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ನನ್ನ ಗಂಡ ಬಾಲರಾಜು ಬ್ಲೂಟೂತ್ ಇರುವ ಶ್ರವಣಯಂತ್ರ ಕೊಡಿಸಿದರು. ಫೋನಿನ ಮಾತು, ಕಂಪ್ಯೂಟರಿನ ಮಾತು ನೇರವಾಗಿ ಕಿವಿಯೊಳಗೆ ಬಂದು ಬೀಳುವ ಯಂತ್ರ ಅದು. ಅದರ ಧೈರ್ಯದ ಮೇಲೆಯೇ ನಮ್ಮೂರ ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಗೆ ಅಧ್ಯಕ್ಷೆಯಾಗಲು ಒಪ್ಪಿದೆ. ಶಾಲೆಯ ಲ್ಯಾಪ್‌ಟಾಪಿಗೆ ಯಂತ್ರ ತಯಾರಿಸಿದವರೇ ಕೊಟ್ಟ, ಎರಡನ್ನೂ ಬೆಸೆಯುವ ‘ಡ್ರೈವರ್’ ಎಂಬ ತಂತ್ರಾಂಶ ಹಾಕಿಕೊಂಡಿದ್ದೆವು. ಎಷ್ಟೋ ಸಭೆಗಳು ಸುಸೂತ್ರವಾಗಿ ನಡೆದಿದ್ದವು.

ಹೀಗೆ ಚೆನ್ನಾಗಿ ನಡೆಯುತ್ತಿದ್ದುದು ನಿಮ್ಮ ಕಣ್ಣಿಗೆ ಚುಚ್ಚಿತೇನೋ! ಶಾಲೆಯನ್ನು ಹೆದ್ದಾರಿಯಾಚೆಯ ಊರಿನ ಶಾಲೆಯೊಂದಿಗೆ ವಿಲೀನ ಮಾಡುವ ವಿಚಾರಕ್ಕೆ ಶಿಕ್ಷಣ ಇಲಾಖೆಯ ಸಾಹೇಬರು ವಿಡಿಯೊ ಸಭೆ ಕರೆದಿದ್ದರು. ಊರಿನವರೆಲ್ಲ ಕೂತು ‘ಬ್ಯಾಡ’ ಅಂತ ತೀರ್ಮಾನಿಸಿ, ಹೇಳುವ ಹೊಣೆಯನ್ನು ನನಗೆ ವಹಿಸಿದ್ದರು. ಮುಖ್ಯ ಶಿಕ್ಷಕಿ ಖುರ್ಷಿದಾ ಮೇಡಂ ತರಬೇತಿಗೆಂದು ಕನಕಪುರಕ್ಕೆ ಹೋಗಿದ್ದರು. ಅದೇ ಬೆಳಿಗ್ಗೆ ಲ್ಯಾಪ್‌ಟಾಪ್ ತಾನಾಗಿಯೇ ಅಪ್‌ಡೇಟ್ ಆಗಿ, ನಮ್ಮ ಡ್ರೈವರನ್ನು ಕಿತ್ತೆಸೆದು, ನಿಮ್ಮದೇ ‘ಅಂತರ್ನಿರ್ಮಿತ’ ಡ್ರೈವರನ್ನು ತಂದು ಕೂರಿಸಿತ್ತು. ಕೇಳಿದಿರಾ ನನ್ನನ್ನು? ಬಾಡಿಗೆಗೆ ಕೊಟ್ಟ ಮನೆಗೆ ಹೋಗುವಾಗಲೂ ಮಾಲೀಕ ಬಾಗಿಲು ತಟ್ಟುತ್ತಾನಲ್ಲ ಸ್ವಾಮಿ?

ಪರದೆಯ ಮೇಲೆ ‘ಕನೆಕ್ಟೆಡ್’ ಎಂದು ಬರೆದಿತ್ತು. ನಂಬಿದೆ. ಸಾಹೇಬರ ಮುಖ ಬಂತು, ತುಟಿ ಅಲುಗಾಡಿತು, ಮಾತು ಮಾತ್ರ ಬರಲಿಲ್ಲ. ಚಿತ್ರ ಮಬ್ಬಾಗಿದ್ದರಿಂದ ತುಟಿ ಓದಲೂ ಆಗಲಿಲ್ಲ. “ಸಾರ್, ಕೇಳಿಸ್ತಿಲ್ಲ” ಅಂದೆ. ಕಿವಿ ಮುಟ್ಟಿ ತೋರಿಸಿದೆ, ಕೂಗಿದೆ. ನಿಮ್ಮ ಡ್ರೈವರ್ ನನ್ನ ಯಂತ್ರವನ್ನು ಮೈಕ್ ಅಂತಲೂ ತಿಳಿದುಕೊಂಡಿತ್ತೆಂದು, ಅದರಲ್ಲಿ ಕಂಪ್ಯೂಟರಿಗೆ ಮಾತು ಕಳಿಸುವ ಮೈಕೇ ಇಲ್ಲವೆಂದು ಆಮೇಲೆ ತಿಳಿಯಿತು. ಅವರ ಮಾತು ನನಗಿಲ್ಲ, ನನ್ನ ಮಾತು ಅವರಿಗಿಲ್ಲ. ಆಮೇಲೆ ಅವರು ಕೈ ಮುಗಿದು ಏನೋ ಕೇಳಿದರು. ‘ಈಗ ಕೇಳಿಸ್ತಾ ಇದೆಯಾ, ಮತ್ತೆ ಮಾತಾಡೋಣವಾ’ ಅಂತಿರಬೇಕು ಅಂದುಕೊಂಡೆ. ಕಿವುಡರು ಏನು ಮಾಡುತ್ತಾರೆ ಗೊತ್ತೇ ಮಾನ್ಯರೇ? ನಗುತ್ತಾರೆ, ತಲೆಯಾಡಿಸುತ್ತಾರೆ. ನಾನೂ ಆಡಿಸಿದೆ. ಅವರು ಕೇಳಿದ್ದು, “ವಿಲೀನಕ್ಕೆ ನಿಮ್ಮ ಒಪ್ಪಿಗೆ ಇದೆ ತಾನೇ?”

ವಿಲೀನದ ಆದೇಶ ಬಂದು ಶಾಲೆಗೆ ಬೀಗ ಬಿದ್ದ ದಿನ ಊರು ಅರಳಿಕಟ್ಟೆಯ ಹತ್ತಿರ ಸೇರಿತು. ಶಾಲೆಗೆ ಜಾಗ ಬಿಟ್ಟುಕೊಟ್ಟ ಮುನಿಶಾಮಯ್ಯನವರೇ ಮೊದಲು ಮಾತೆತ್ತಿದ್ದು.

“ಏನವ್ವಾ ಭಾನು, ನಾವೆಲ್ಲ ಬ್ಯಾಡ ಅಂತ ಹೇಳ್ಕಳ್ಸಿದ್ರೆ ನೀನು ಹೂಂ ಅಂದ್ಬುಟ್ಯಲ್ಲವ್ವ?”

“ನಂಗೆ ಕೇಳ್ಸ್ನಿಲ್ಲ ಮಾವ.”

“ಕೇಳ್ಸ್ದೆ ಇದ್ರೆ ಕೇಳ್ಸ್ನಿಲ್ಲ ಅನ್ಬೇಕಾಗಿತ್ತು.”

“ಅಂದೆ ಮಾವ. ಅದು ಅವ್ರಿಗೆ ಕೇಳ್ಸ್ನಿಲ್ಲ.”

ಹಿಂದೆ ನಿಂತಿದ್ದವರು ಯಾರೋ ಕಿಸಕ್ಕೆಂದರು. “ಏನೋ ಸಿಕ್ಕೈತೆ ಬುಡ್ಲಾ, ಸುಮ್ಕೆ ಗೋಣಾಡ್ಸ್ತಾರಾ?” ಎಂದಿತು ಇನ್ನೊಂದು ದನಿ. ಆ ಮಾತನ್ನು ಮಾತ್ರ ನನ್ನ ಯಂತ್ರ ಬಹಳ ಸ್ಪಷ್ಟವಾಗಿ ಕೇಳಿಸಿತು. ಮನೆಗೆ ಬಂದು ಎರಡೂ ಕಿವಿಯ ಯಂತ್ರಗಳನ್ನು ಕಿತ್ತು ಡಬ್ಬಿಯಲ್ಲಿ ಹಾಕಿದೆ. ನನ್ನ ಮಗಳು ಉಳಿದ ಮಕ್ಕಳ ಜೊತೆ ಹೆದ್ದಾರಿ ದಾಟಿ ಹೋಗುವುದನ್ನು ನೋಡುತ್ತಾ ನಿಂತೆ. ಗ್ರಾನೈಟ್ ಲಾರಿಗಳು ಹೋಗುವ ರಸ್ತೆ ಅದು. ಹಾಗೆ ನಿಂತು ನೋಡುವ ಪಾಳಿ ನಿಮಗೂ ಒಂದು ದಿನ ಬರಲಿ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ನೋಡಿ ತಮಾಷೆ, ಅದೇ ಯಂತ್ರ ಫೋನಿಗೆ ತಕ್ಷಣ ಹೊಂದಿಕೊಂಡಿತು! “ರೀಸ್ಟಾರ್ಟ್ ಮಾಡಿ ಮೇಡಂ” ಅಂದರು. ಮಾಡಿದೆ. “ಯಂತ್ರದ ಕಂಪನಿಯನ್ನು ಕೇಳಿ” ಅಂದರು. ಕೇಳಿದೆ. ಅವರು “ನಮ್ಮ ಡ್ರೈವರ್ ಸರಿಯಾಗೇ ಇದೆ, ತೆಗೆದವರನ್ನು ಕೇಳಿ” ಅಂದರು. ಮತ್ತೆ ನಿಮಗೆ ಫೋನ್ ಮಾಡಿದಾಗ ನಿಮ್ಮ ಹುಡುಗಿ ಬಹಳ ವಿನಯದಿಂದ, “ನಮ್ಮ ಕಡೆಯಿಂದ ಕನೆಕ್ಟೆಡ್ ಅಂತಲೇ ತೋರಿಸ್ತಾ ಇದೆ ಮೇಡಂ” ಎಂದಳು. ಸತ್ತವನ ಮೂಗಿನ ಬಳಿ ಕೈಯಿಟ್ಟೂ ನೋಡದೆ ‘ಮಲಗಿದ್ದಾರೆ’ ಎನ್ನುವ ವೈದ್ಯರನ್ನು ನೀವು ಎಲ್ಲಿಂದ ಆರಿಸಿ ತರುತ್ತೀರಿ?

ಕೊನೆಗೆ ಖುರ್ಷಿದಾ ಮೇಡಂ, “ಅಳ್ತಾ ಕೂತ್ಕೋಬೇಡ. ಲ್ಯಾಪ್‌ಟಾಪ್ ಎತ್ಕೋ, ಹೋಗೋಣ” ಎಂದರು. ಸಾಹೇಬರ ಕಚೇರಿಗೇ ಹೋದೆವು. “ಸಾರ್, ಒಂದು ಐದು ನಿಮಿಷ ನೀವು ನಾನಾಗಿ” ಎಂದು ಕೇಳಿಕೊಂಡು ನನ್ನ ಯಂತ್ರಗಳನ್ನು ಅವರ ಕೈಗಿಟ್ಟೆ. ಅವರು ಸಂಕೋಚದಿಂದಲೇ ಅವನ್ನು ಕಿವಿಗೆ ತೂರಿಸಿಕೊಂಡು, ಹೊರಗಿನ ಸದ್ದು ಬಾರದಂತೆ ಬೆರಳಿನಿಂದ ಒತ್ತಿ ಹಿಡಿದರು. ಮೇಡಂ ಹೊರಗೆ ಮೆಟ್ಟಿಲ ಬಳಿ ನಿಂತು ಫೋನಿನಿಂದ ವಿಡಿಯೊ ಕರೆ ಮಾಡಿದರು. ಪರದೆಯ ಮೇಲೆ ಮೇಡಂ ಮುಖ ಮೂಡಿತು, ಕೆಳಗೆ ‘ಕನೆಕ್ಟೆಡ್’. ಮೇಡಂ ಏನೋ ಹೇಳಿದರು. ಸಾಹೇಬರು ಕಣ್ಣು ಕಿರಿದು ಮಾಡಿ ನೋಡಿದರು. “ಹಲೋ, ಹಲೋ” ಎಂದರು. ಮೇಡಂ ಕೈ ಮುಗಿದು ಮತ್ತೇನೋ ಕೇಳಿದರು. ಸಾಹೇಬರು ಮುಗುಳ್ನಕ್ಕು ತಲೆಯಾಡಿಸಿದರು.

ಮೇಡಂ ಒಳಗೆ ಬಂದರು. “ಥ್ಯಾಂಕ್ಸ್ ಸಾರ್.”

“ಯಾಕಮ್ಮ? ನೀವೇನು ಕೇಳಿದ್ರಿ?”

“ಆದೇಶ ವಾಪಸ್ ತಗೊಂಡು ಶಾಲೆ ಬಾಗ್ಲು ತೆಗೀತೀರಾ ಅಂದೆ. ಹೂಂ ಅಂದ್ರಲ್ಲ.”

ಅವರು ಯಂತ್ರಗಳನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನಾನು ತುಟಿ ಓದಲೆಂದು ನಿಧಾನವಾಗಿ, “ತಪ್ಪಾಯ್ತಮ್ಮ. ನೀವು ಕಿವಿ ಮುಟ್ಟಿದ್ದು ನೋಡಿದ್ದೆ. ಕೇಳಬೇಕಿತ್ತು” ಎಂದರು. ಮನುಷ್ಯ ಅಂದರೆ ಅವರು. ಆದೇಶ ರದ್ದಾಯಿತು. ನಿಮ್ಮಿಂದ ಇಂದಿನವರೆಗೆ ಅಂಥ ಒಂದು ಪದವೂ ಬಂದಿಲ್ಲ.

ಶಾಲೆ ತೆರೆಯಿತಲ್ಲ, ಇನ್ನೇನು ಗೋಳು ಎನ್ನುತ್ತೀರೇನೋ. ಬೀಗ ಬಿದ್ದಿದ್ದಾಗ ಹೆದ್ದಾರಿಗೆ ಹೆದರಿದ ತಾಯಂದಿರು ಮಕ್ಕಳನ್ನು ಹಾರೋಹಳ್ಳಿ ಕಾನ್ವೆಂಟಿನ ವ್ಯಾನಿಗೆ ಹತ್ತಿಸಿದ್ದರು. ಆ ಮಕ್ಕಳು ವಾಪಸು ಬರಲಿಲ್ಲ. ನಾಲ್ಕನೇ ತರಗತಿಯಲ್ಲಿ ಈಗ ನನ್ನ ಮಗಳೊಬ್ಬಳೇ ಕೂರುತ್ತಾಳೆ. ಮಕ್ಕಳ ಸಂಖ್ಯೆ ಹೀಗೇ ಇದ್ದರೆ ಮುಂದಿನ ವರ್ಷ ಯಾರೂ ನನ್ನ ಒಪ್ಪಿಗೆ ಕೇಳಬೇಕಾಗಿಲ್ಲ, ಶಾಲೆ ತಾನಾಗಿಯೇ ಮುಚ್ಚುತ್ತದೆ. ಇದನ್ನು ಸರಿಪಡಿಸುವ ಅಪ್‌ಡೇಟ್ ಇದೆಯೇ ನಿಮ್ಮಲ್ಲಿ?

ಹಾಗಾಗಿ ನಾನು ಸುಮ್ಮನೆ ಕೂತಿಲ್ಲ. ಶಾಲೆಯ ಲ್ಯಾಪ್‌ಟಾಪಿನಿಂದ ನಿಮ್ಮನ್ನು ಬೇರುಸಹಿತ ಕಿತ್ತು, ಪುಕ್ಕಟೆ ಸಿಗುವ ಬೇರೆ ವ್ಯವಸ್ಥೆ ಹಾಕಿಸಿದ್ದೇನೆ. ಪಂಚಾಯಿತಿ ಗ್ರಂಥಾಲಯದಿಂದಲೂ ಕೀಳಿಸಿದೆ. ದೊಡ್ಡಆಲಹಳ್ಳಿಯ ನನ್ನ ತವರಿನವರ ಕಂಪ್ಯೂಟರಿನಿಂದ ಕೀಳಿಸಿದಾಗ ಆದ ಸಂತೋಷವನ್ನಂತೂ ಬಚ್ಚಿಡಲಾರೆ. ಎಲ್ಲಿ ಶಾಲಾ ಸಮಿತಿಗಳ ಸಭೆ ನಡೆದರೂ ಎದ್ದು ನಿಂತು ಈ ಕಥೆ ಹೇಳುತ್ತೇನೆ. ಗ್ರಾಹಕರ ನ್ಯಾಯಾಲಯಕ್ಕೂ ಅರ್ಜಿ ಹಾಕಿದ್ದೇನೆ.

ನನ್ನ ಬೇಡಿಕೆ ಇಷ್ಟು. ಕೆಲಸ ಮಾಡುತ್ತಿರುವ ಡ್ರೈವರನ್ನು ಕೇಳದೆ ಮುಟ್ಟಕೂಡದು. ಸದ್ದು ಹೋಗದಿದ್ದರೆ ಹೋಗುತ್ತಿಲ್ಲ ಎಂದು ಪರದೆಯ ಮೇಲೆ ನಿಜ ಬರೆಯಬೇಕು. ಮೂರನೆಯದು, ನೀವು ಖುದ್ದಾಗಿ ನಮ್ಮೂರಿಗೆ ಬರಬೇಕು. ವಿಡಿಯೊ ಬೇಡ. ಕೆಂಗಲ್ ಆಂಜನೇಯನಿಗೆ ಕೈ ಮುಗಿದು ರಾಮನಗರ, ಕನಕಪುರದ ಮೇಲೆ ಬನ್ನಿ, ದಾರಿ ಯಾರಾದರೂ ತೋರಿಸುತ್ತಾರೆ. ಅರಳಿಕಟ್ಟೆಯ ಬಳಿ ನಿಂತು, ಭಾನುಪ್ರಿಯ ಯಾರಿಂದಲೂ ಏನೂ ತಿಂದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ, ನಿಮ್ಮ ತುಟಿಯ ಮೇಲೆ ಕಣ್ಣಿಟ್ಟು.

ಇಂತಿ,
ಕ್ಷಮಿಸುವ ಅಭ್ಯಾಸವನ್ನು ಸದ್ಯಕ್ಕೆ ಬಿಟ್ಟಿರುವ
ಭಾನುಪ್ರಿಯ
ಅಧ್ಯಕ್ಷೆ, ಶಾಲಾಭಿವೃದ್ಧಿ ಸಮಿತಿ
(ಶಾಲೆ ಇರುವವರೆಗೆ)